ಒಣಗೈ ಸಹಿ

ಜೂನ್ 2, ಸೋಮವಾರ

ಹೋದ ವರ್ಷ ನವೆಂಬರ್ ಹದಿನಾಲ್ಕನೇ ತಾರೀಖು ಪತ್ತಿನ ಸಹಕಾರ ಸಂಘವು ನನ್ನನ್ನು ಕೇಳದೆ, ನನ್ನ ಮುಖ ನೋಡದೆ, ನನ್ನನ್ನು ಒಂಬತ್ತು ಲಕ್ಷದ ಸಾಲಗಾರಳನ್ನಾಗಿ ಮಾಡಿತು. ನನಗೆ ಇದು ತಿಳಿದದ್ದು ಇಂದು ಬೆಳಿಗ್ಗೆ ಹನ್ನೊಂದೂಕಾಲಿಗೆ, ವಕೀಲಮ್ಮನ ಮೇಜಿನ ಎದುರು ಕುಳಿತಾಗ. ವಿಚ್ಛೇದನದ ಅರ್ಜಿಗೆ ಉತ್ತರವಾಗಿ ಗಂಡನ ಕಡೆಯಿಂದ ಬಂದ ಆಸ್ತಿ ಮತ್ತು ಸಾಲದ ಪಟ್ಟಿಯ ಆರನೇ ಸಾಲು: 'ಯಂತ್ರ ಖರೀದಿ ಸಾಲ, ಜಂಟಿ.' ಜಂಟಿ ಎಂದರೆ ಆ ಮನುಷ್ಯ ಮತ್ತು ನಾನು.

ತಾರೀಖು, ಗಂಟೆ ಎಲ್ಲ ಬರೆದಿಡುತ್ತಿದ್ದೇನೆ. ನಾಳೆ ಯಾರೂ 'ನಿಮಗೆ ಸರಿಯಾಗಿ ನೆನಪಿಲ್ಲಮ್ಮ' ಎನ್ನಬಾರದು. ನನಗೆ ನೆನಪಿರುತ್ತದೆ. ಇಪ್ಪತ್ತೇಳು ವರ್ಷ ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಗ್ರಂಥಾಲಯದ ದಿನಪತ್ರಿಕೆ ಸಂಪುಟಗಳನ್ನು ಹೊಲಿದವಳು ನಾನು, ಹೊಲಿಯುತ್ತಲೇ ಓದಿದವಳು. ಹೊಳೆಯ ಸೇತುವೆಗೆ ಎಷ್ಟು ಸಲ ಅಡಿಗಲ್ಲು ಇಟ್ಟರು, ಯಾವ ಅಧ್ಯಕ್ಷ ಯಾವ ವರ್ಷ ಏನು ಮಾತು ಕೊಟ್ಟು ನುಂಗಿದ, ಎಲ್ಲ ಹೇಳಬಲ್ಲೆ. ಈ ಸಂಘದ ನಿಯಮಗಳ ಪುಸ್ತಕವನ್ನೂ ನಾನೇ ಹೊಲಿದದ್ದು. ನಲವತ್ತೊಂದನೇ ನಿಯಮ: ಸಾಲ ಪಡೆಯುವ ಪ್ರತಿಯೊಬ್ಬರೂ ಖುದ್ದಾಗಿ ಬಂದು ಕಾರ್ಯದರ್ಶಿಯ ಸಮಕ್ಷಮ ಸಹಿ ಮಾಡತಕ್ಕದ್ದು.

ಆ ಒಂಬತ್ತು ಲಕ್ಷ ಹೋದದ್ದು ಬಿಸಿ ಅಂಟಿನ ಯಂತ್ರಕ್ಕೆ. ಒಂದು ಕಡೆಯಿಂದ ಹಾಳೆ ತುರುಕಿದರೆ ಇನ್ನೊಂದು ಕಡೆಯಿಂದ ಪುಸ್ತಕ ಬರುತ್ತದೆ. ಸೂಜಿ ಬೇಡ, ದಾರ ಬೇಡ, ಹೊಲಿಯುವವಳೂ ಬೇಡ. ಅಂದರೆ ನನ್ನನ್ನು ಮನೆಗೆ ಕಳಿಸುವ ಯಂತ್ರಕ್ಕೆ ನನ್ನಿಂದಲೇ ಸಾಲ ಮಾಡಿಸಿದ್ದಾರೆ. ಯಂತ್ರವನ್ನು 'ಸ್ವಂತ ಉಳಿತಾಯದಲ್ಲಿ ತಂದೆ' ಎಂದು ನನಗೆ ಹೇಳಿದ್ದು. ಫೆಬ್ರವರಿಯಲ್ಲಿ ಗ್ರಂಥಾಲಯದ ಸಂಪುಟಗಳನ್ನೂ ಅದಕ್ಕೆ ತುರುಕಿದ ದಿನ ನಾನು ಚೀಲ ತೆಗೆದುಕೊಂಡು ಅಕ್ಕನ ಮನೆಗೆ ಬಂದೆ.

ಮಕ್ಕಳಿಲ್ಲ. ಹಂಚಿಕೊಳ್ಳಲು ಇರುವುದು ಒಂದು ಮನೆ. ಕೆಳಗೆ ಅಂಗಡಿ, ಮೇಲೆ ವಾಸ. ಲೆಕ್ಕ ಸರಳ ಎಂದರು ವಕೀಲಮ್ಮ. ಸಾಲ ಆತನೊಬ್ಬನದೇ ಎಂದಾದರೆ ಮೇಲಂತಸ್ತು ನನಗೆ. ಇಬ್ಬರದೂ ಎಂದಾದರೆ ಮನೆ ಮಾರಿ ಮೊದಲು ಸಂಘದ ಹೊಟ್ಟೆ ತುಂಬಿಸಬೇಕು, ಉಳಿದ ಚೂರುಪಾರಿನಲ್ಲಿ ಅರ್ಧ. ಐವತ್ತಮೂರನೇ ವಯಸ್ಸಿನಲ್ಲಿ ಆ ಅರ್ಧದಲ್ಲಿ ನಾನು ಒಂದು ಕೋಣೆಯನ್ನೂ ಕೊಳ್ಳಲಾರೆ.

"ಸಹಿ ನಿಮ್ಮದಲ್ಲ ತಾನೇ?" ಎಂದು ಕೇಳಿದರು.

"ನಾನು ಆ ಸಂಘದ ಮೆಟ್ಟಿಲು ಹತ್ತಿ ವರ್ಷಗಳಾದವು."

"ಹಾಗಾದ್ರೆ ಇದು ವಿಚ್ಛೇದನದ ಮಾತಲ್ಲ. ಪೊಲೀಸರ ಮಾತು."

ಇಷ್ಟು ಹೊತ್ತು ಬರೆದು ಕೈ ನೋಯುತ್ತಿದೆ. ಆದರೂ ಇವತ್ತು ಒಳ್ಳೆಯ ದಿನವೇ ಅನ್ನಿಸುತ್ತಿದೆ.

ಜೂನ್ 5, ಗುರುವಾರ

ಅಕ್ಕನಿಗೆ ಹೇಳಿದೆ. ಅಕ್ಕ ಶಾಲೆಯ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವಳು, ಯಾವುದಕ್ಕೂ ಬೆಚ್ಚುವುದಿಲ್ಲ.

"ಜೈಲಿಗೆ ಹಾಕಿಸ್ತೀಯಾ ಅವನ್ನ?"

"ಹಾಕಿಸಿದ್ರೆ ತಪ್ಪೇನು?"

"ತಪ್ಪೇನಿಲ್ಲ. ಆಮೇಲೆ ವಾರಕ್ಕೊಂದ್ಸಲ ಟಿಫಿನ್ ಕ್ಯಾರಿಯರ್ ಹಿಡ್ಕೊಂಡು ನೋಡೋಕೆ ಹೋಗೋಳೂ ನೀನೇ. ನಿನ್ನ ನಾನು ಕಾಣದವಳೇನೇ."

ಅವಳೊಂದಿಗೆ ಮಾತಾಡುವುದೇ ತಪ್ಪು.

ಜೂನ್ 11, ಬುಧವಾರ

ಸಂಘಕ್ಕೆ ಹೋಗಿದ್ದೆ. ಹೊಸ ಬಣ್ಣ, ಹೊಸ ಕುರ್ಚಿ, ಹಳೆಯ ಕಾರ್ಯದರ್ಶಿ. ಹದಿನೆಂಟು ವರ್ಷದಿಂದ ಅವರೇ. ಏನು ಕೇಳಿದರೂ 'ನೋಡೋಣ' ಎನ್ನುವುದರಿಂದ ಜನ ಅವರಿಗೆ ನೋಡೋಣ ಎಂದೇ ಹೆಸರಿಟ್ಟಿದ್ದಾರೆ.

ಸಾಲದ ಕಡತದ ನಕಲು ಬೇಕು ಎಂದೆ.

"ನೋಡೋಣ. ಅರ್ಜಿ ಬರೆದು ಸಹಿ ಹಾಕಿ."

ಬರೆದು ಸಹಿ ಹಾಕಿ ಕೊಟ್ಟೆ. ಅವರು ಒಳಗಿನಿಂದ ಹಳದಿ ಕಾರ್ಡೊಂದನ್ನು ತಂದು ಅರ್ಜಿಯ ಪಕ್ಕ ಇಟ್ಟು, ಕನ್ನಡಕ ಏರಿಸಿ ಇಳಿಸಿ ನೋಡಿದರು.

"ಅಮ್ಮ, ಸಹಿ ಹೊಂದ್ತಾ ಇಲ್ಲ."

"ಏನು ಹೊಂದ್ತಿಲ್ಲ?"

"ಇದು ನಮ್ಮ ಸದಸ್ಯರ ಸಹಿ ಅಲ್ಲ."

"ಸದಸ್ಯೆ ನಾನೇ ಸ್ವಾಮಿ. ನಿಮ್ಮ ಮುಂದೇನೇ ನಿಂತಿದ್ದೀನಿ."

"ನಿಂತಿರೋದು ಕಾಣ್ತಿದೆ. ಆದ್ರೆ ನಮಗೆ ಕಾರ್ಡ್ ಹೇಳಿದ್ದೇ ಪ್ರಮಾಣ."

ನನ್ನ ಹಿಂದೆ ಸಾಲಿನಲ್ಲಿದ್ದ ಮುದುಕರೊಬ್ಬರು, "ಹೋಗಮ್ಮ, ಮನೆಗೆ ಹೋಗಿ ನಿನ್ನ ಕರ್ಕೊಂಡು ಬಾ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಕಾರ್ಡು ನನ್ನ ಕಡೆ ತಿರುಗಿತ್ತು. ಹದಿನೆಂಟು ವರ್ಷದ ಹಿಂದೆ ಖಾತೆ ತೆರೆದಾಗ ಕೊಟ್ಟ ಮಾದರಿ ಸಹಿ ಅದು. ನನ್ನ ಹೆಸರು, ನನ್ನ ಅಕ್ಷರಕ್ಕಿಂತ ದುಂಡಗೆ, ಅಂದವಾಗಿ, ಕೆಳಗೆ ಬಲದಿಂದ ಎಡಕ್ಕೆ ಎಳೆದ ಒಂದು ಗೀಟು. ಆ ಗೀಟು ನನ್ನದಲ್ಲ. ಆತನದು.

ಮರೆಮಾಚುವುದೇಕೆ, ಇಲ್ಲಿ ಓದುವವರು ಯಾರೂ ಇಲ್ಲ. ನಮ್ಮ ಅಂಗಡಿಯಲ್ಲಿ ಒಂದು ರೂಢಿ ಇತ್ತು. ಬೈಂಡಿಂಗಿನವರ ಕೈ ದಿನವಿಡೀ ಅಂಟು. ರಟ್ಟಿಗೆ ಬಟ್ಟೆ ಎಳೆಯುವಾಗ ಯಾರಾದರೂ ಕಾಗದ ಹಿಡಿದು ಬಂದರೆ ಕೈ ತೊಳೆಯಲು ಎದ್ದು ಹೋಗುವಂತಿಲ್ಲ. ಅಷ್ಟರಲ್ಲಿ ಅಂಟು ಒಣಗಿ ಕೆಲಸ ಹಾಳು. ಹಾಗಾಗಿ ಯಾರ ಕೈ ಒಣಗಿದೆಯೋ ಅವರು ಇಬ್ಬರ ಸಹಿಯನ್ನೂ ಹಾಕುವುದು. ಅದಕ್ಕೆ 'ಒಣಗೈ ಸಹಿ' ಎಂದು ಹೆಸರಿಟ್ಟವಳು ನಾನೇ. ಖಾತೆಯ ಕಾರ್ಡು ಬಂದ ದಿನ ಒಳಗಿನಿಂದ 'ನೀವೇ ಹಾಕಿಬಿಡಿ' ಎಂದು ಕೂಗಿದವಳೂ ನಾನೇ. ಅವತ್ತು ಒಂದು ನಿಘಂಟು ಒತ್ತುಯಂತ್ರದ ಬಿಗಿತದಲ್ಲಿತ್ತು, ನನ್ನ ಕೈ ತುಂಬ ಅಂಟು.

ಆದರೆ ಸಾಮಾನು ಬಂತು ಎಂದು ಗೀಚುವ ಚೀಟಿ ಬೇರೆ, ಒಂಬತ್ತು ಲಕ್ಷದ ಸಾಲಪತ್ರ ಬೇರೆ. ಉಪ್ಪಿಗೂ ಕರ್ಪೂರಕ್ಕೂ ಬಣ್ಣ ಒಂದೇ.

ಜೂನ್ 19, ಗುರುವಾರ

ಮೊದಲ ಸಂಧಾನ. ನ್ಯಾಯಾಲಯದ ಹಿಂಭಾಗದ ಕೋಣೆ. ನಾಲ್ಕು ಕುರ್ಚಿ, ಒಂದು ಹೂಜಿ, ಸದ್ದು ಮಾತ್ರ ಮಾಡುವ ಫ್ಯಾನು. ಹೊರಗಿನ ಬೆಂಚಿನಲ್ಲಿ ಎರಡೂವರೆ ಗಂಟೆ ಕಾದೆವು, ಅದೇ ಬೆಂಚಿನ ಆ ತುದಿಗೆ ಆತ, ಈ ತುದಿಗೆ ನಾನು. ಮಧ್ಯಸ್ಥರು ನಿವೃತ್ತ ನ್ಯಾಯಾಧೀಶರು. ಮುಖದಲ್ಲಿ ಯಾವ ಸಿಟ್ಟೂ ಇಲ್ಲ, ಮುಗಿದುಹೋಗಿರಬೇಕು.

ಸಹಿಯ ಮಾತು ಬಂದಾಗ ಆತ ಅಡಗಿಸಲಿಲ್ಲ. ನಾನು ಆಕ್ರೋಶಕ್ಕೆ ಸಿದ್ಧಳಾಗಿ ಹೋಗಿದ್ದೆ. ಅದು ಕೈಯಲ್ಲೇ ಉಳಿಯಿತು.

"ಹೌದು ಸರ್, ನಾನೇ ಹಾಕಿದ್ದು. ಅವಳ ಸಹಿ ಯಾವತ್ತು ನಾನು ಹಾಕಿಲ್ಲ?"

ಮಧ್ಯಸ್ಥರು ಕನ್ನಡಕ ತೆಗೆದರು. "ಇದನ್ನ ನನ್ನ ಮುಂದೆ ಹೇಳ್ತಿದ್ದೀರಲ್ಲ, ಅರ್ಥ ಗೊತ್ತಾ ನಿಮಗೆ?"

"ಅವಳ ಕೈಯಲ್ಲಿ ಅಂಟಿತ್ತು ಸರ್. ಕಾಗದ ಅಂಗಡಿಗೆ ತಂದು ಹಾಕಿದೆ, ಪಕ್ಕದ ಕೋಣೆಯಲ್ಲೇ ಇದ್ದಳು."

"ಪಕ್ಕದ ಕೋಣೆಯಲ್ಲಿದ್ದೆ" ಎಂದೆ, "ಕೇಳಿದ್ರಾ?"

ಆತ ಲೋಟಕ್ಕೆ ನೀರು ಬಗ್ಗಿಸಿಕೊಂಡ.

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ" ಎಂದ ಆತ, ಹೂಜಿಯನ್ನು ನೋಡುತ್ತ.

ಇಷ್ಟು ನಾಚಿಕೆಗೆಟ್ಟ ಸತ್ಯವನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ. ಮುಂದಿನ ತಾರೀಖು ಜುಲೈ ಹದಿನಾರು. ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಮಂಡಿ ನೋವು.

ಜೂನ್ 27, ಶುಕ್ರವಾರ

ಪೊಲೀಸ್ ದೂರಿನ ಕರಡು ಸಿದ್ಧ. ಓದಿದೆ. 'ನಂಬಿಕೆದ್ರೋಹ', 'ಖೋಟಾ ಸಹಿ', 'ಮೋಸದ ಉದ್ದೇಶ'. ವಕೀಲಮ್ಮನಿಗೆ ಇನ್ನೂ ಮೂವತ್ತೂ ಆಗಿಲ್ಲ, ಪದಗಳನ್ನು ಮೊಳೆ ಹೊಡೆದ ಹಾಗೆ ಹೊಡೆಯುತ್ತಾರೆ. ಎರಡು ಕಡೆ ನಾನೇ ಇನ್ನೂ ಖಾರ ಮಾಡಿಸಿದೆ.

"ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ನೀವು ಅವರ ಸಹಿ ಹಾಕಿದ್ದು ಉಂಟಾ?"

"ಚೀಟಿ ಗೀಟಿಗೆ ಹಾಕಿರ್ತೀನಿ."

"ಸಂಘದಲ್ಲಿ?"

"ಇಲ್ಲ. ಹಾಕಿದ್ರೆ ನನಗೆ ನೆನಪಿರ್ತಿತ್ತು."

ಸಂಘದ ಪೂರ್ತಿ ಕಡತ ತರಿಸಲು ನೋಟಿಸು ಕೊಟ್ಟಿದ್ದಾರಂತೆ. ಅದು ಬಂದ ಮೇಲೆ ದೂರು.

ಜುಲೈ 4, ಶುಕ್ರವಾರ

ಕಡತ ಬಂತು. ವಕೀಲಮ್ಮ ಒಂದು ಹಾಳೆಯನ್ನು ಬೇರೆಯಾಗಿ ಇಟ್ಟುಕೊಂಡಿದ್ದರು. ನಾನು ಕುಳಿತುಕೊಳ್ಳುವ ಮೊದಲೇ ನನ್ನ ಕಡೆ ತಳ್ಳಿದರು.

"ಇದು ಯಾರ ಕೈ?"

ಹನ್ನೆರಡು ವರ್ಷದ ಹಿಂದಿನ ಸಾಲಪತ್ರ. ಒಂದೂವರೆ ಲಕ್ಷ. ಕಾರಣ: ತಾಯಿಯ ಶಸ್ತ್ರಚಿಕಿತ್ಸೆ. ಕೆಳಗೆ ಎರಡು ಸಹಿ, ನನ್ನದು ಮತ್ತು ಆತನದು. ಎರಡಕ್ಕೂ ಒಂದೇ ಶಾಯಿ, ಒಂದೇ ಓರೆ. ಆತನ ಹೆಸರಿನ ಕೊನೆಯ ಅಕ್ಷರದ ಕೊಂಡಿ ನನ್ನ ಕೊಂಡಿ.

ನೆನಪಿಲ್ಲ ಎಂದೆ. ಬರೆಯುತ್ತಿರುವಾಗಲೂ ನೆನಪಿಲ್ಲ. ನನ್ನ ಅಕ್ಷರ ಎಂಬುದು ಮಾತ್ರ ಗೊತ್ತು.

ಮನೆಗೆ ಬಂದು ಅಕ್ಕನನ್ನು ಕೇಳಿದೆ.

"ನಾನೇ ಪಕ್ಕದಲ್ಲಿದ್ದೆನಲ್ಲೇ! ಅಮ್ಮ ಆಸ್ಪತ್ರೆಯಲ್ಲಿ, ಮಧ್ಯಾಹ್ನದೊಳಗೆ ದುಡ್ಡು ಕಟ್ಟಿ ಅಂದಿದ್ರು. ನಿನ್ನ ಗಂಡ ಗ್ರಂಥಾಲಯಕ್ಕೆ ಪುಸ್ತಕದ ಗಂಟು ಹೊತ್ಕೊಂಡು ಹೋಗಿದ್ದ. ನೀನು ಎರಡು ಸಹಿ ಗೀಚಿದೆ, ನಾನು ಬ್ಯಾಗ್ ಹಿಡ್ಕೊಂಡಿದ್ದೆ. ಆ ನೋಡೋಣ 'ಯಜಮಾನ್ರು ಬಂದಿಲ್ವಾ?' ಅಂದ. 'ಹೊರಗೆ ಸೈಕಲ್ ಹಿಡ್ಕೊಂಡು ನಿಂತಿದಾರೆ' ಅಂದೆ ನಾನು."

"ನೀನು ಹಾಗಂದ್ಯಾ?"

"ಮತ್ತೆ? ಅಮ್ಮನ್ನ ಅಲ್ಲೇ ಮಲಗಿಸಿ ನಿಯಮ ಓದ್ತಾ ಕೂರ್ಬೇಕಿತ್ತಾ?"

ಸೇತುವೆಯ ಅಡಿಗಲ್ಲು ಮೂರು ಸಲ, ಅದರ ತಾರೀಖುಗಳೂ ನೆನಪಿವೆ. ಇದು ನೆನಪಿಲ್ಲ.

ಜುಲೈ 5, ಶನಿವಾರ

ಏನೂ ಇಲ್ಲ.

ಜುಲೈ 10, ಗುರುವಾರ

ಅಂಗಡಿಯ ಸಾಮಾನು ಪಟ್ಟಿ ಮಾಡಲು ಹೋಗಿದ್ದೆ. ಇಬ್ಬರೂ ಸೇರಿ ಮಾಡಿದರೆ ಮುಂದೆ ತಕರಾರು ಇರುವುದಿಲ್ಲ ಎಂದು ಮಧ್ಯಸ್ಥರೇ ಹೇಳಿದ್ದು. ಐದು ತಿಂಗಳ ಮೇಲೆ ಒಳಗೆ ಕಾಲಿಟ್ಟೆ. ನೆಲ ಗುಡಿಸಿ ಎಷ್ಟು ದಿನವಾಗಿತ್ತೋ. ಹೊಲಿಗೆ ಕೋಣೆಯಲ್ಲಿ ಮಾತ್ರ ಧೂಳಿರಲಿಲ್ಲ. ಕಿಟಕಿ ಮುಚ್ಚಿದ್ದರಿಂದ ಇರಬೇಕು.

ಬಾಗಿಲ ಬಳಿ ವಾಪಸು ಬಂದ ಪುಸ್ತಕಗಳ ರಾಶಿ. ಒಂದನ್ನು ಬಿಡಿಸಿದೆ, ಹಾಳೆಗಳು ಎಲೆ ಉದುರಿದ ಹಾಗೆ ಉದುರಿದವು. ಗ್ರಂಥಾಲಯದವರು ಆರು ಸಂಪುಟ ತಿರುಗಿ ಕಳಿಸಿದ್ದಾರೆ. ಬಿಸಿಲು ಬಿದ್ದ ಕಪಾಟಿನಲ್ಲಿ ಅಂಟು ಕರಗಿತಂತೆ. ಯಂತ್ರದ ಮೇಲೆ ಹಳೆಯ ಚಾದರ ಹೊದಿಸಿತ್ತು. ಇವರ ಬಲಗೈಯ ಎರಡು ಬೆರಳಿಗೆ ಬಟ್ಟೆ.

"ಏನದು?"

"ಸುಟ್ಟಿತು. ನೂರೆಂಬತ್ತು ಡಿಗ್ರಿ ಇರುತ್ತೆ ಅದು."

"ಮುಲಾಮು?"

"ಬರಿ ನೀನು. ಕತ್ತರಿಸೋ ಯಂತ್ರ ಒಂದು."

ಬರೆದೆ. ಕತ್ತರಿಸುವ ಯಂತ್ರ ಒಂದು. ಒತ್ತುಯಂತ್ರ ಎರಡು, ಒಂದರ ತಿರುಪು ಸವೆದಿದೆ. ಹೊಲಿಗೆ ಚೌಕಟ್ಟು ಮೂರು. ದಬ್ಬಣ ಹನ್ನೊಂದು. "ಹನ್ನೆರಡು" ಎಂದರು ಇವರು. ಹನ್ನೆರಡನೆಯದು ಎಲ್ಲಿ ಎಂದು ಅರ್ಧ ಗಂಟೆ ಹುಡುಕಿದೆವು. ವಿಚ್ಛೇದನಕ್ಕೆ ಬಂದವರು ಮಂಡಿಯೂರಿ ಮೇಜಿನ ಕೆಳಗೆ ದಬ್ಬಣ ಹುಡುಕುತ್ತಿದ್ದೆವು. ಸಿಗಲಿಲ್ಲ. ಹನ್ನೊಂದು ಎಂದೇ ಬರೆದೆ.

ಏಳಲು ಇಬ್ಬರಿಗೂ ಕಷ್ಟವಾಯಿತು. ಅಲ್ಲೇ ನೆಲದ ಮೇಲೆ ಕುಳಿತು ಕೇಳಿದೆ. "ಅಮ್ಮನ ಆಪರೇಷನ್ನಿಗೆ ನಾನು ಸಾಲ ತೆಗೆದಾಗ ನಿಮ್ಮ ಸಹಿ..."

"ಗೊತ್ತು."

"ಯಾವಾಗಿಂದ?"

"ಅದೇ ವಾರ. ಸಂಘದ ಜವಾನ ರಸೀದಿ ತಂದ."

"ಹನ್ನೆರಡು ವರ್ಷ! ಒಂದು ಮಾತು ಕೇಳ್ಲಿಲ್ಲ ನೀವು."

"ಕೇಳೋದೇನಿತ್ತು? ಅತ್ತೆ ಉಳೀಬೇಕಿತ್ತು."

ಇದೇ, ಇದೇ ನನ್ನ ದೂರು. ನ್ಯಾಯಾಲಯದಲ್ಲಿ ಯಾರಿಗೂ ಬಿಡಿಸಿ ಹೇಳಲಾಗದ ದೂರು. ಒಳ್ಳೆಯದನ್ನೂ ನುಂಗಿ ಕೂರುತ್ತಾರೆ, ಕೆಟ್ಟದ್ದನ್ನೂ ನುಂಗಿ ಕೂರುತ್ತಾರೆ. ಗೋಡೆಯ ಜೊತೆ ಇಪ್ಪತ್ತೇಳು ವರ್ಷ. ಗೋಡೆ ಬೀಳಲಿಲ್ಲ ನಿಜ, ಆದರೆ ಮಾತಾಡಲೂ ಇಲ್ಲ.

ಬರುವಾಗ ಔಷಧಿ ಅಂಗಡಿಯಲ್ಲಿ ಸುಟ್ಟ ಗಾಯದ ಮುಲಾಮು ತೆಗೆದುಕೊಂಡೆ. ಅಕ್ಕನಿಗೆ ಅಡುಗೆಮನೆಯಲ್ಲಿ ಆಗಾಗ ಬೇಕಾಗುತ್ತದೆ.

ಜುಲೈ 16, ಬುಧವಾರ

ಎರಡನೇ ಸಂಧಾನ. ದೂರು ಕೊಡುವುದಿಲ್ಲ ಎಂದೆ. ವಕೀಲಮ್ಮ ಹೊರಗೆ ಕರೆದುಕೊಂಡು ಹೋಗಿ ಕಂಬದ ಪಕ್ಕ ನಿಲ್ಲಿಸಿದರು.

"ಕೈಗೆ ಬಂದ ತುತ್ತು ಚೆಲ್ತಿದ್ದೀರಿ. ದೂರಿಲ್ಲ ಅಂದ್ರೆ ಸಹಿ ನಿಮ್ಮದೇ ಅಂತ ಒಪ್ಪಿದ ಹಾಗೆ. ಸಾಲ ಇಬ್ಬರದೂ. ಮನೆ ಹೋಗುತ್ತೆ."

"ಕಳ್ಳನ ಮೇಲೆ ಕಳ್ಳಿ ದೂರು ಕೊಡೋದು ಹೇಗಮ್ಮ?"

"ನಿಮ್ಮದು ಬೇರೆ. ನೀವು ತಾಯಿಗೋಸ್ಕರ."

"ಅದನ್ನ ನಾನು ಹೇಳಬಹುದು. ನಿಯಮ ಹೇಳಲ್ಲ."

ಅವರು ನೊಂದುಕೊಂಡರು. ಪಾಪ ಹುಡುಗಿ, ಮೂರು ರಾತ್ರಿ ಕುಳಿತು ಕರಡು ತಿದ್ದಿದ್ದಾರೆ.

ಒಳಗೆ ಮಧ್ಯಸ್ಥರು ಎರಡೂ ಸಾಲಪತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕುಳಿತಿದ್ದರು. ನಮಗೆ ಹೇಳುವಂತೆಯೂ ಅಲ್ಲ, ತಮ್ಮಷ್ಟಕ್ಕೆ ಓದಿಕೊಂಡರು: "ಮೇಲ್ಕಂಡ ಇಬ್ಬರೂ ನನ್ನ ಸಮಕ್ಷಮ ಸಹಿ ಮಾಡಿದರು." ಇನ್ನೊಂದು ಹಾಳೆ. "ಮೇಲ್ಕಂಡ ಇಬ್ಬರೂ ನನ್ನ ಸಮಕ್ಷಮ ಸಹಿ ಮಾಡಿದರು." ಆಮೇಲೆ ಕತ್ತೆತ್ತಿ, "ಎರಡು ಸಲಾನೂ ಇಬ್ಬರೂ ಒಟ್ಟಿಗೆ ಹೋಗಿರ್ಲಿಲ್ವಾ?" ಎಂದರು.

"ಇಲ್ಲ" ಎಂದೆ.

"ಇಲ್ಲ" ಎಂದರು ಇವರು.

ವರ್ಷಗಳ ಮೇಲೆ ನಾವಿಬ್ಬರೂ ಒಂದೇ ಉತ್ತರ ಕೊಟ್ಟದ್ದು ಅದೇ ಇರಬೇಕು. ಎರಡು ಹಾಳೆಯ ಮೇಲೆ ಕೈ ಬದಲಾಗಿವೆ. ಬದಲಾಗದ ಸಹಿ ಒಂದೇ, ಕಾರ್ಯದರ್ಶಿಯದು. ಹನ್ನೆರಡು ವರ್ಷದ ಹಿಂದೆ ನಾನು ನನ್ನ ಸ್ವಂತ ಸಹಿ ಹಾಕಿದೆ. ಅದೂ ಕಾರ್ಡಿಗೆ ಹೊಂದುವುದಿಲ್ಲ. ಆಗ ಸಾಲ ಕೊಟ್ಟರು. ಈಗ ಕಡತ ಕೇಳಿದರೆ ಹೊಂದುತ್ತಿಲ್ಲ ಎಂದರು. ಕೊಡುವಾಗ ಕುರುಡು, ಕೇಳಿದಾಗ ಹದ್ದಿನ ಕಣ್ಣು.

ನಮ್ಮಂಥ ಮನೆ ಇನ್ನೆಷ್ಟು ಇರಬಹುದು?

ಜುಲೈ 23, ಬುಧವಾರ

ಕಾರ್ಯದರ್ಶಿ ಅಕ್ಕನ ಮನೆಗೇ ಬಂದಿದ್ದರು. ಸಮಕ್ಷಮ ಸಹಿಯ ಬಗ್ಗೆ ವಕೀಲಮ್ಮ ಕಳಿಸಿದ ಎರಡನೇ ನೋಟಿಸು ತನ್ನ ಕೆಲಸ ಮಾಡಿದೆ. ಟೀ ಕೊಟ್ಟೆವು. ಬಟ್ಟಲನ್ನು ಮುಟ್ಟಲಿಲ್ಲ; ತಟ್ಟೆಯನ್ನು ಮಾತ್ರ ಒಂದು ಸುತ್ತು ತಿರುಗಿಸಿದರು.

"ಅಮ್ಮ, ದೊಡ್ಡದು ಮಾಡೋದು ಬೇಡ. ಸಮಿತಿ ಜೊತೆ ಮಾತಾಡಿದ್ದೀನಿ. ಸಾಲದಿಂದ ನಿಮ್ಮ ಹೆಸರು ತೆಗೀತೀವಿ. ಪೂರ್ತಿ ಯಜಮಾನರ ಮೇಲೆ ಹೋಗುತ್ತೆ. ನೀವು 'ಯಾವ ತಕರಾರೂ ಇಲ್ಲ' ಅಂತ ಒಂದು ಸಹಿ ಹಾಕಿದ್ರೆ ಮುಗೀತು."

"ಅವರಿಗೆ ಗೊತ್ತಾ?"

"ಅವರಿಗೆ ನೋಟಿಸು ಹೋಗುತ್ತೆ. ಆಮೇಲೆ. ಒಂದೇ ಸಲಕ್ಕೆ ಕಟ್ಟಬೇಕಾಗುತ್ತೆ, ಅಷ್ಟೇ."

"ಎಲ್ಲಿಂದ ಕಟ್ತಾರೆ?"

"ನೋಡೋಣ."

ಜೂನ್ ಎರಡರಂದು ನಾನು ಬಯಸಿದ್ದೆಲ್ಲವೂ ಆ ಹಾಳೆಯಲ್ಲಿತ್ತು. ಮೇಲಂತಸ್ತು ನನಗೆ, ಸಾಲ ಆ ಕಡೆಗೆ. ಪೆನ್ನು ಕೈಗೆ ತೆಗೆದುಕೊಂಡದ್ದೂ ನಿಜ, ಸುಳ್ಳು ಬರೆಯುವುದಿಲ್ಲ. ಹಾಳೆಯನ್ನು ಪೂರ್ತಿ ಓದುವುದು ನನ್ನ ಹಳೆಯ ಚಾಳಿ. ಓದುತ್ತ ಕೆಳಗೆ ಬಂದೆ. ನಾನು ಸಹಿ ಹಾಕಬೇಕಾದ ಜಾಗ ಖಾಲಿ. ಅದರ ಕೆಳಗೆ 'ನನ್ನ ಸಮಕ್ಷಮ ಸಹಿ ಮಾಡಿದರು', ಅವರ ಸಹಿ, ಸಂಘದ ಮೊಹರು, ತಾರೀಖು ಜುಲೈ ಇಪ್ಪತ್ತೊಂದು.

"ಇವತ್ತು ಇಪ್ಪತ್ಮೂರು" ಎಂದೆ.

"ಅದು ಸಮಯ ಉಳೀಲಿ ಅಂತ..."

ಪೆನ್ನು ಮುಚ್ಚಿದೆ. ಹಾಳೆಯನ್ನು ಮಾತ್ರ ವಾಪಸು ಕೊಡಲಿಲ್ಲ. ಅವರು ಕೈ ಚಾಚಿದರು, "ನೋಡೋಣ" ಎಂದೆ.

ಅವರು ಹೋದ ಮೇಲೆ ಅಕ್ಕ ಬೈದಳು. "ಹುಚ್ಚಿ! ಮನೆ ಬಾಗಿಲಿಗೆ ಬಂದ ಭಾಗ್ಯನ ಒದ್ದು ಕಳಿಸಿದೆ. ನನ್ನ ಹಿಂದಿನ ಕೋಣೆಯಲ್ಲಿ ನಿನ್ನ ಇನ್ನೆಷ್ಟು ದಿನ ಇಟ್ಕೊಳ್ಳಲಿ ನಾನು?" ಎಂದಳು. ಆಮೇಲೆ ಅವಳೇ ಅತ್ತಳು, ನಾನು ಸುಮ್ಮನೆ ತಣ್ಣಗಾದ ಟೀ ಕುಡಿದೆ.

ಜುಲೈ 30, ಬುಧವಾರ

ದಣಿವು. ಆದರೂ ಮುಗಿಯಿತು, ಮುಕ್ಕಾಲು ಭಾಗ.

ಸಂಘದ ಆ ಹಾಳೆಯನ್ನು ಮಧ್ಯಸ್ಥರ ಮೇಜಿನ ಮೇಲೆ ಇಟ್ಟೆ. ಇವರು ಬಗ್ಗಿ ಓದಿದರು. ಕಿವಿ ಕೆಂಪಾಯಿತು.

"ನೀನು ಹಾಕಬಹುದಿತ್ತಲ್ಲ. ನಿನಗೆ ಮನೆ ಸಿಗ್ತಿತ್ತು."

"ನಿಮ್ಮನ್ನ ಕೇಳದೆ ಹೇಗೆ ಹಾಕ್ಲಿ?"

ಮಧ್ಯಸ್ಥರು ನಕ್ಕರು, ವಕೀಲಮ್ಮನೂ. ನಗುವಂಥದ್ದು ಏನಿತ್ತೋ ತಿಳಿಯಲಿಲ್ಲ.

ಒಪ್ಪಂದ ಹೀಗೆ. ಯಂತ್ರವನ್ನು ಮಾರಿದವರಿಗೇ ಹಿಂದಿರುಗಿಸುವುದು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಉಳಿದ ಸಾಲ ಕೆಳಗಿನ ಅಂಗಡಿಯ ಮೇಲೆ, ಅದು ಇವರ ಪಾಲು, ಕಂತಿನಲ್ಲಿ ತೀರಿಸುತ್ತಾರೆ. ಮೇಲಂತಸ್ತು ಮತ್ತು ಹಿಂದಿನ ಹೊಲಿಗೆ ಕೋಣೆ ನನಗೆ. ಹೊಲಿಗೆ ಕೋಣೆಗೆ ಹಿತ್ತಲ ಕಡೆಯಿಂದ ಬೇರೆ ಬಾಗಿಲು ಒಡೆಯುವುದು. ಖರ್ಚು ಯಾರದು ಎಂದು ಇಪ್ಪತ್ತು ನಿಮಿಷ ಜಗಳವಾಡಿದೆವು. ಕಡೆಗೆ ಅರ್ಧರ್ಧ. ಗ್ರಂಥಾಲಯದ ಆರು ಸಂಪುಟಗಳನ್ನು ನಾನು ಬಿಚ್ಚಿ ಹೊಲಿದು ಕೊಡಬೇಕು. ಆ ಕೂಲಿ ನನಗೇ. ವಿಚ್ಛೇದನ ವಿಚ್ಛೇದನವೇ. ಅದನ್ನು ಹಿಂತೆಗೆಯುವ ಮಾತನ್ನು ಇಬ್ಬರಲ್ಲಿ ಯಾರೂ ಎತ್ತಲಿಲ್ಲ.

ಆದರೆ ಈ ಒಪ್ಪಂದ ಉಳಿಯುವುದು ಸಂಘವು ನನ್ನ ಹೆಸರನ್ನು ಸಾಲದಿಂದ ತೆಗೆದು, ಇವರಿಗೆ ಕಂತು ಒಪ್ಪಿದರೆ ಮಾತ್ರ. ಒಪ್ಪದಿದ್ದರೆ ಮನೆ ಹರಾಜಿಗೆ. ಗುಟ್ಟಾಗಿ ಕೇಳಿದರೆ ಗುಟ್ಟಾಗಿ ಏನು ಕೊಡುತ್ತಾರೆ ಎಂದು ನೋಡಿದ್ದಾಯಿತು. ಭಾನುವಾರ ಸದಸ್ಯರ ವಾರ್ಷಿಕ ಸಭೆಯಿದೆ. ಅಲ್ಲೇ ಕೇಳುತ್ತೇನೆ ಎಂದೆ.

"ಕೇಳಬೇಕಾದ್ರೆ ಮೊದಲು ನಿಮ್ಮದನ್ನ ಒಪ್ಪಿಕೊಳ್ಳಬೇಕಾಗುತ್ತೆ" ಎಂದರು ವಕೀಲಮ್ಮ. "ಒಪ್ಪಿಕೊಂಡ್ರೆ ನಿಮ್ಮ ಮೇಲೇ ಕೇಸು ಹಾಕಬಹುದು."

"ಹಾಕಲಿ. ನೀವಿದ್ದೀರಲ್ಲ."

ಕಾರಿಡಾರಿನಲ್ಲಿ ಇವರನ್ನು ನಿಲ್ಲಿಸಿ ಕೇಳಿದೆ. "ಸಭೆಯಲ್ಲಿ ನನ್ನದು ಹೇಳಿದ್ರೆ ನಿಮ್ಮದೂ ಹೊರಗೆ ಬರುತ್ತೆ. ಹೇಳಲಾ? ಬೇಡ ಅಂದ್ರೆ ಬೇರೆ ದಾರಿ ನೋಡ್ತೀನಿ."

ಬೆರಳಿನ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿಕೊಂಡರು. ಇನ್ನು ಗೋಡೆಯೇ ಎಂದುಕೊಂಡೆ.

"ಹೇಳು" ಎಂದರು. "ನನಗೆ ಅಷ್ಟು ಜನರ ಮುಂದೆ ಮಾತಾಡೋಕೆ ಬರಲ್ಲ. ಕೊನೇ ಸಾಲಲ್ಲಿ ಕೂತಿರ್ತೀನಿ. ಎದ್ದು ನಿಲ್ಲಿ ಅಂದ್ರೆ ಎದ್ದು ನಿಲ್ತೀನಿ."

ಆಗಸ್ಟ್ 2, ಶನಿವಾರ

ನಾಳೆ ಓದಬೇಕಾದದ್ದನ್ನು ನಾಲ್ಕು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಸೇತುವೆಯೂ ಬಂದಿತ್ತು. ಅಕ್ಕ ಕೇಳಿ, "ಇದೇನು ಸಭೆಯೋ ಶ್ರಾದ್ಧವೋ, ಸತ್ತವರನ್ನೆಲ್ಲ ಕರೀತಿದ್ದೀಯಲ್ಲ" ಎಂದಳು. ತೆಗೆದೆ. ಇವರ ಬಗ್ಗೆ ಇದ್ದ ಎರಡು ವಾಕ್ಯಗಳ ಖಾರವೂ ಹೋಯಿತು; ಜಾಗ ಸಾಲಲಿಲ್ಲ. ಅಕ್ಕ ತಾನೂ ಬರುತ್ತಾಳಂತೆ. ಸೈಕಲ್ಲಿನ ಸುಳ್ಳು ಹೇಳಿದವಳು ತಾನೇ, ಅದನ್ನು ತಾನೇ ಹೇಳುತ್ತೇನೆ ಎಂದಿದ್ದಾಳೆ. ಅಂತಿಮ ಪ್ರತಿಯನ್ನು ಇಲ್ಲಿ ಇಳಿಸಿಕೊಳ್ಳುತ್ತಿದ್ದೇನೆ.

'ಸದಸ್ಯರೇ,

ಹನ್ನೆರಡು ವರ್ಷದ ಹಿಂದೆ ನನ್ನ ತಾಯಿಯ ಚಿಕಿತ್ಸೆಗಾಗಿ ಈ ಸಂಘದಲ್ಲಿ ಸಾಲ ಪಡೆದಾಗ ನಾನು ನನ್ನ ಗಂಡನ ಸಹಿಯನ್ನು ಅವರನ್ನು ಕೇಳದೆ ಹಾಕಿದೆ. ಹೋದ ವರ್ಷ ನವೆಂಬರ್ ಹದಿನಾಲ್ಕರಂದು ನನ್ನ ಗಂಡ ನನ್ನ ಸಹಿಯನ್ನು ನನ್ನನ್ನು ಕೇಳದೆ ಹಾಕಿದರು. ಎರಡೂ ತಪ್ಪು. ನಮ್ಮಿಬ್ಬರ ತಪ್ಪಿಗೆ ನಾವಿಬ್ಬರೂ ಈ ಸಭೆಯಲ್ಲಿ ಹಾಜರಿದ್ದೇವೆ.

ಆದರೆ ಆ ಎರಡೂ ಕಾಗದಗಳ ಕೆಳಗೆ, ಇಬ್ಬರೂ ತಮ್ಮ ಮುಂದೆ ನಿಂತು ಸಹಿ ಮಾಡಿದರೆಂದು ಕಾರ್ಯದರ್ಶಿಗಳು ಬರೆದಿದ್ದಾರೆ. ಮೊನ್ನೆ ಜುಲೈ ಇಪ್ಪತ್ತಮೂರರಂದು ನಾನು ಇನ್ನೂ ಹಾಕದಿದ್ದ ಸಹಿಯನ್ನು ಇಪ್ಪತ್ತೊಂದರಂದೇ ಹಾಕಿದೆನೆಂದು ಬರೆದು ಮೊಹರು ಒತ್ತಿ ತಂದರು. ಆ ಹಾಳೆ ನನ್ನ ಕೈಯಲ್ಲಿದೆ. ಯಾರು ಬೇಕಾದರೂ ಬಂದು ನೋಡಬಹುದು. ಈ ಸಂಘದಲ್ಲಿ ಸಾವಿರದ ಇನ್ನೂರು ಸದಸ್ಯರಿದ್ದೀರಿ. ನಿಮ್ಮ ಮನೆಯ ಕಾಗದದ ಮೇಲೆ ಯಾರ ಕೈ ಇದೆ ಎಂದು ನಿಮಗೆ ಗೊತ್ತಿದೆಯೇ?

ನನ್ನ ಹೆಸರನ್ನು ಆ ಸಾಲದಿಂದ ತೆಗೆದು, ಉಳಿದದ್ದಕ್ಕೆ ನನ್ನ ಗಂಡನಿಗೆ ಕಂತು ಕೊಡಿ ಎಂದು ಕೇಳಲು ಬಂದಿದ್ದೇನೆ. ನನ್ನ ಮನೆ ಒಂದು ಉತ್ತರದ ಮೇಲೆ ನಿಂತಿದೆ. ಅದಕ್ಕೇ ಕೇಳುತ್ತಿದ್ದೇನೆ. ಕಾರ್ಯದರ್ಶಿಗಳೇ, ಸಮಿತಿಯ ಸದಸ್ಯರೇ, ಆ ನವೆಂಬರ್ ಹದಿನಾಲ್ಕರಂದು ನಿಮ್ಮ ಮೇಜಿನ ಮುಂದೆ ನಿಂತಿದ್ದ ಹೆಂಗಸು ಯಾರು? ಉತ್ತರವನ್ನು ಮನೆಗೆ ತರಬೇಡಿ, ಟೀ ಕುಡಿಯುತ್ತ ಹೇಳಬೇಡಿ. ನೋಡೋಣ ಎನ್ನಬೇಡಿ. ಎದ್ದು ನಿಂತು, ಈ ಸಭೆಯ ಎದುರು, ಈಗಲೇ ಹೇಳಿ.'